ಹಳೇ ಜಿ41 ಬೋರ್ಡಿಗೆ 4 ಜಿಬಿ ರ‍್ಯಾಮ್ ಹಾಕಿದ್ರೆ ಬೂಟೇ ಆಗ್ತಿಲ್ಲ, ಬರೀ ಬೀಪ್ ಬರುತ್ತೆ, ದಯವಿಟ್ಟು ಹೆಲ್ಪ್ ಮಾಡಿ

ಲ್ಯಾಬ್ ಟೀಚರ್

ಎಲ್ರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಟೀಚರ್, ಕಂಪ್ಯೂಟರ್ ಲ್ಯಾಬೂ ನಾನೇ ನೋಡ್ಕೋತೀನಿ. ಲ್ಯಾಬಲ್ಲಿರೋದೆಲ್ಲ ಹಳೇ ಅಸೆಂಬಲ್ಡ್ ಸಿಸ್ಟಮ್‌ಗಳು. ಕೋರ್ 2 ಡ್ಯುಯೋ ಇ7500 ಪ್ರೊಸೆಸರ್, ಇಂಟೆಲ್ ಜಿ41 ಚಿಪ್‌ಸೆಟ್ (ಪ್ರೊಸೆಸರ್, ರ‍್ಯಾಮ್ ಎಲ್ಲ ಜೋಡಿಸೋ ಚಿಪ್) ಇರೋ ಬೋರ್ಡು, ಎರಡು ರ‍್ಯಾಮ್ ಸ್ಲಾಟ್, ಒಂದರಲ್ಲಿ 2 ಜಿಬಿ ಡಿಡಿಆರ್3, ಇನ್ನೊಂದು ಖಾಲಿ. ವಿಂಡೋಸ್ 7 ಇದೆ. ಮಕ್ಕಳಿಗೆ ಜಿಯೋಜಿಬ್ರಾ ಅನ್ನೋ ಗಣಿತದ ಸಾಫ್ಟ್‌ವೇರಲ್ಲಿ ವೃತ್ತ, ಸ್ಪರ್ಶಕ ಎಲ್ಲ ಎಳೆದು ತೋರಿಸೋಣ ಅಂತ ಬ್ರೌಸರ್ ತೆಗೆದ್ರೆ ಸಾಕು ಸಿಸ್ಟಮ್ ನಿಂತೇ ಹೋಗುತ್ತೆ, ಪೀರಿಯಡ್ಡೆಲ್ಲ ಅದು ಓಪನ್ ಆಗೋದನ್ನ ಕಾಯೋದ್ರಲ್ಲೇ ಮುಗಿಯುತ್ತೆ.

ಹಳೇ ವಿದ್ಯಾರ್ಥಿಗಳು ಸೇರ್ಕೊಂಡು ದುಡ್ಡು ಹಾಕಿ ಎಲ್ಲಾ ಸಿಸ್ಟಮ್‌ಗೂ 4 ಜಿಬಿ ರ‍್ಯಾಮ್ ತೆಗೆಸ್ಕೊಟ್ರು. ಅಂಗಡಿಯವ್ರು "ಡಿಡಿಆರ್3 ಡೆಸ್ಕ್‌ಟಾಪ್ ರ‍್ಯಾಮ್ ಅಂದ್ಮೇಲೆ ಎಲ್ಲಾದಕ್ಕೂ ಆಗುತ್ತೆ ಮೇಡಂ" ಅಂತ ಹೇಳೇ ಕೊಟ್ಟಿದ್ದು. ಈಗ ಹೊಸ ಸ್ಟಿಕ್ ಹಾಕಿ ಆನ್ ಮಾಡಿದ್ರೆ ಫ್ಯಾನ್ ತಿರುಗುತ್ತೆ, ಪವರ್ ಲೈಟ್ ಬರುತ್ತೆ, ಮಾನಿಟರ್‌ನಲ್ಲಿ ನೋ ಸಿಗ್ನಲ್, ಒಳಗಿಂದ ಉದ್ದುದ್ದ ಬೀಪ್ ನಿಲ್ಲದೇ ಬರ್ತಾನೇ ಇರುತ್ತೆ. ಹಳೇದನ್ನ ತೆಗೆದು ಹೊಸದೊಂದೇ ಹಾಕಿದ್ರೂ ಹಂಗೇ, ಎರಡೂ ಜೊತೆಗೆ ಹಾಕಿದ್ರೂ ಹಂಗೇ, ಸ್ಲಾಟ್ ಅದಲು ಬದಲು ಮಾಡಿದ್ರೂ ಹಂಗೇ. ಹೊಸದನ್ನ ತೆಗೆದು ಹಳೇ 2 ಜಿಬಿ ಹಾಕಿದ ತಕ್ಷಣ ಏನೂ ಆಗೇ ಇಲ್ಲ ಅನ್ನೋ ಥರ ಬೂಟ್ ಆಗುತ್ತೆ. ಬೇರೆ ಸಿಸ್ಟಮ್‌ಗಳಲ್ಲೂ ಇದೇ ಕಥೆ. ಅಂಗಡಿಯವ್ರನ್ನ ಕೇಳಿದ್ರೆ ಈಗ ಬೋರ್ಡ್ ಹೋಗಿರಬೇಕು ಅಂತಿದ್ದಾರೆ. ಎಲ್ಲಾ ಬೋರ್ಡೂ ಒಂದೇ ದಿನ ಹೋಗೋಕೆ ಸಾಧ್ಯನಾ? ಮಕ್ಕಳಿಗೆ ಈ ತಿಂಗಳು ಲ್ಯಾಬ್ ರೆಡಿ ಮಾಡ್ತೀನಿ ಅಂತ ಹೇಳಿದೀನಿ, ಗೊತ್ತಿರೋರು ದಾರಿ ತೋರಿಸಿ.

ಮಲೆನಾಡ್ ಟೆಕ್

ಮೇಡಂ ಮೊದ್ಲು ಬೇಸಿಕ್ ಚೆಕ್ ಮುಗಿಸ್ಕೊಳ್ಳಿ, ಆಮೇಲೆ ಬೇರೆ ಯೋಚನೆ. ಪವರ್ ಕೇಬಲ್ ಪೂರ್ತಿ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಕಿತ್ತ ಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಳ್ಳಿ, ಉಳಿದಿರೋ ಕರೆಂಟ್ ಖಾಲಿಯಾಗುತ್ತೆ. ಕ್ಯಾಬಿನೆಟ್‌ನ ಕಬ್ಬಿಣದ ಭಾಗ ಒಂದ್ಸಲ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಹೋಗ್ಲಿ. ರ‍್ಯಾಮ್‌ನ ಚಿನ್ನದ ಬಣ್ಣದ ಪಿನ್ ಇರೋ ಕಡೆ ಪೆನ್ಸಿಲ್ ಅಳಿಸೋ ಬಿಳಿ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಸ್ಲಾಟ್ ಒಳಗೆ ಮೆತ್ತನೆ ಬ್ರಷ್ ಆಡಿಸಿ, ಸ್ಕೂಲ್ ಲ್ಯಾಬ್ ಅಂದ್ರೆ ಸೀಮೆಸುಣ್ಣದ ಪುಡಿ ಗ್ಯಾರಂಟಿ ಇರುತ್ತೆ. ಸ್ಟಿಕ್ ಕೂರಿಸೋವಾಗ ಎರಡೂ ಕಡೆ ಲಾಕ್ ಟಕ್ ಅಂತ ತಾನಾಗೇ ಮುಚ್ಕೋಬೇಕು, ನಾವು ಕೈಯಲ್ಲಿ ಮುಚ್ಚೋದಲ್ಲ.

ಬೋರ್ಡ್ ಮೇಲಿರೋ ದುಂಡನೆ ಸೆಲ್ ಇದ್ಯಲ್ಲ, ಸಿಆರ್2032, ಅದನ್ನ ತೆಗೆದು ಐದತ್ತು ನಿಮಿಷ ಬಿಟ್ಟು ಹಾಕಿ, ಬಯಾಸ್ (ಆನ್ ಮಾಡಿದ ತಕ್ಷಣ ಮೊದಲು ಓಡೋ ಬೋರ್ಡಿನ ಸಾಫ್ಟ್‌ವೇರ್) ಸೆಟ್ಟಿಂಗ್ ಡಿಫಾಲ್ಟ್‌ಗೆ ಬರುತ್ತೆ. ಸೆಲ್ ಹಳೇದಾಗಿದ್ರೆ ಹೊಸದೇ ಹಾಕ್ಬಿಡಿ, ಕೈಗಡಿಯಾರದ ಅಂಗಡಿಲಿ ಸಿಗುತ್ತೆ. ಇನ್ನೊಂದು, ಕೆಲವು ಜಿ41 ಕಾಂಬೋ ಬೋರ್ಡ್‌ಗಳಲ್ಲಿ ಡಿಡಿಆರ್2 ಸ್ಲಾಟೂ ಇರುತ್ತೆ ಡಿಡಿಆರ್3 ಸ್ಲಾಟೂ ಇರುತ್ತೆ, ಎರಡನ್ನೂ ಒಟ್ಟಿಗೆ ಹಾಕಿದ್ರೆ ನಡೆಯಲ್ಲ. ನಿಮ್ದು ಎರಡೇ ಸ್ಲಾಟ್ ಅಂದ್ರಲ್ಲ, ಹಂಗಾಗಿ ಆ ತೊಂದ್ರೆ ಇರಲಿಕ್ಕಿಲ್ಲ. ಇಷ್ಟು ಮಾಡಿ ನೋಡಿ ಹೇಳಿ.

ಫಾಸ್ಟ್ ಗೇಮರ್

ಕೋರ್ 2 ಡ್ಯುಯೋಗೆ ದುಡ್ಡು ಹಾಕೋದು ವೇಸ್ಟ್. ಎಲ್ಲಾ ಎಸೆದು ಹೊಸ ಸಿಸ್ಟಮ್ ತಗೊಳ್ಳಿ, ಎಸ್‌ಎಸ್‌ಡಿ ಇರೋದು.

ಹುಬ್ಬಳ್ಳಿ ಸರ್ವಿಸ್

ಹೊಸಾ ಸಿಸ್ಟಮ್ ತಗೊಳ್ಳಾಕ ಸಾಲಿಗೆ ರೊಕ್ಕಾ ಯಾರ್ ಕೊಡ್ತಾರ್ರೀ. ಇದ್ದದ್ದನ್ನ ನಡಸೂ ದಾರಿ ಕೇಳ್ಯಾರ ಅವ್ರು, ಅದನ್ನ ಹೇಳೂಣ.

ನೋಡ್ರಿ ಮೇಡಂ, ಬೋರ್ಡ್ ಹೋಗಿಲ್ಲ. ಹಳೇ ರ‍್ಯಾಮ್ ಹಾಕಿದ್ರ ಆರಾಮ ನಡೀತೈತಿ ಅಂತ ನೀವ ಬರದೀರಿ, ಬೋರ್ಡ್ ಹೋಗಿದ್ರ ಅದೂ ನಡೀತಿದ್ದಿಲ್ಲ. ಅಷ್ಟೂ ಸಿಸ್ಟಮ್ಮಿನಾಗ ಒಂದ ನಮೂನಿ ತೊಂದ್ರಿ ಬಂದೈತಿ ಅಂದ್ರ ಕೊಳಿ ಅಲ್ಲ, ಸೆಲ್ ಅಲ್ಲ, ಹೊಸಾ ಸ್ಟಿಕ್ಕಿಗೂ ಆ ಚಿಪ್‌ಸೆಟ್ಟಿಗೂ ಹೊಂದವಲ್ದು. ಜಿ41 ಅಂದ ಕೂಡ್ಲೆ ನನಗ ಅದ ಡೌಟ್ ಬಂತು, ನಮ್ಮ ಟೇಬಲ್ ಮ್ಯಾಲ ಇಂಥಾ ಕೇಸ್ ಬಾಳ ಬರ್ತಾವ.

ಹೊಸಾ ಸ್ಟಿಕ್ ಕೈಯಾಗ ಹಿಡೀರಿ. ಎರಡೂ ಮಗ್ಗಲಾ ನೋಡಿ ಕರೀ ಮೆಮೊರಿ ಚಿಪ್ ಎಷ್ಟ ಅದಾವು ಎಣಸ್ರಿ. ನಡುವ ಒಂದು ಸಣ್ಣ ಚಿಪ್ ಬ್ಯಾರೆ ಇರ್ತೈತಿ, ಅದು ಎಸ್‌ಪಿಡಿ, ಸ್ಟಿಕ್ಕಿನ ವಿವರ ಬಯಾಸ್‌ಗೆ ಹೇಳೂದು, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಆಮ್ಯಾಲ ಸ್ಟಿಕರ್ ಮ್ಯಾಲ ಜಿಬಿ ಅಂತ ಇರೂ ಸಾಲಿನಾಗ 1ಆರ್‌ಎಕ್ಸ್8 ಅಂತ ಐತೋ 2ಆರ್‌ಎಕ್ಸ್8 ಅಂತ ಐತೋ ನೋಡಿ ಇಲ್ಲೆ ಬರೀರಿ. ಹಳೇ 2 ಜಿಬಿದೂ ಹಂಗ ನೋಡಿ ಬರೀರಿ. ಅಲ್ಲೀತನ ಯಾವ ರಿಪೇರಿಗೂ ರೊಕ್ಕಾ ಕೊಡಬ್ಯಾಡ್ರಿ.

ಲ್ಯಾಬ್ ಟೀಚರ್

ಇಬ್ರಿಗೂ ಧನ್ಯವಾದ. ರಬ್ಬರ್, ಬ್ರಷ್, ಸೆಲ್ ಎಲ್ಲ ಆಯ್ತು, ಪುಡಿ ಚೆನ್ನಾಗೇ ಬಂತು ಆದ್ರೆ ಬೀಪ್ ಹೋಗಲಿಲ್ಲ.

ಹುಬ್ಬಳ್ಳಿ ಸರ್ ಕೇಳಿದ್ದು: ಹೊಸ ಸ್ಟಿಕ್ಕಲ್ಲಿ ಒಂದೇ ಮುಖದಲ್ಲಿ 8 ಚಿಪ್ ಇದೆ, ಹಿಂದಗಡೆ ಏನೂ ಇಲ್ಲ, ಬರೀ ಹಸಿರು ಬೋರ್ಡ್. ಸ್ಟಿಕರ್‌ನಲ್ಲಿ 4ಜಿಬಿ 1ಆರ್‌ಎಕ್ಸ್8 ಪಿಸಿ3-12800ಯು ಅಂತಿದೆ. ಹಳೇದ್ರಲ್ಲಿ ಎರಡೂ ಕಡೆ ಎಂಟೆಂಟು, ಒಟ್ಟು 16, ಸ್ಟಿಕರ್ 2ಜಿಬಿ 2ಆರ್‌ಎಕ್ಸ್8 ಪಿಸಿ3-10600ಯು. 12800 ಅನ್ನೋದು ಸ್ಪೀಡ್ ಅಲ್ವಾ, ಸ್ಪೀಡ್ ಜಾಸ್ತಿ ಆಗಿದ್ದಕ್ಕೆ ಹೀಗಾಗಿದ್ಯಾ?

ಹಳೇ ಪಿಸಿ

ಇಲ್ಲ ಮೇಡಂ, ಸ್ಪೀಡಿಂದಲ್ಲ. 12800 ಅಂದ್ರೆ 1600 ಸ್ಪೀಡಿನ ರ‍್ಯಾಮ್, 10600 ಅಂದ್ರೆ 1333. ಜಿ41 ಅಧಿಕೃತವಾಗಿ ನಡೆಸೋದು 1066ರವರೆಗೆ, ಜಾಸ್ತಿ ಸ್ಪೀಡಿನ ಸ್ಟಿಕ್ ಹಾಕಿದ್ರೆ ಸಾಮಾನ್ಯವಾಗಿ ಅದು ಕೆಳಗಿನ ಸ್ಪೀಡಿಗೆ ಇಳಿದು ಕೆಲಸ ಮಾಡುತ್ತೆ ಅಷ್ಟೆ. ನಿಮ್ಮ ಹಳೇ 1333 ಸ್ಟಿಕ್ಕೂ ಇಷ್ಟು ವರ್ಷ ಹಾಗೇ ಇಳಿದು ನಡೀತಿರೋದು. ತೊಂದ್ರೆ ಇರೋದು ಹುಬ್ಬಳ್ಳಿಯವ್ರು ಹೇಳಿದ ಆ ಚಿಪ್ ಲೆಕ್ಕದಲ್ಲೇ. ನೀವು ಗಣಿತದವ್ರು, ನಿಮಗೆ ಇದು ಪೂರ್ತಿ ಬಿಡಿಸಿ ಹೇಳಿದ್ರೆ ಅಂಗಡಿಯವ್ರ ಜೊತೆ ಮಾತಾಡೋಕೂ ಅನುಕೂಲ.

4 ಜಿಬಿ ಅಂದ್ರೆ 32 ಗಿಗಾಬಿಟ್. ಅದನ್ನ 16 ಚಿಪ್‌ಗೆ ಹಂಚಿದ್ರೆ ಒಂದೊಂದು ಚಿಪ್ಪೂ 2 ಗಿಗಾಬಿಟ್, 8 ಚಿಪ್‌ಗೆ ಹಂಚಿದ್ರೆ ಒಂದೊಂದೂ 4 ಗಿಗಾಬಿಟ್. ಎರಡರ ಮೇಲೂ 4 ಜಿಬಿ ಅಂತಲೇ ಬರೆದಿರುತ್ತೆ, ಎರಡೂ ಡಿಡಿಆರ್3, ಎರಡರ ನಾಚ್ (ಪಿನ್ ಸಾಲಿನ ಕಚ್ಚು) ಒಂದೇ ಜಾಗದಲ್ಲಿರುತ್ತೆ, ಸ್ಲಾಟಲ್ಲಿ ಎರಡೂ ಸಲೀಸಾಗಿ ಕೂರುತ್ವೆ. ಆದ್ರೆ ಚಿಪ್ ಒಳಗಡೆ ಡೇಟಾ ಇರೋದು ರೋ ಮತ್ತು ಕಾಲಮ್‌ಗಳಲ್ಲಿ. 2 ಗಿಗಾಬಿಟ್ ಎಕ್ಸ್8 ಚಿಪ್‌ನ ಪ್ರತಿ ಬ್ಯಾಂಕಲ್ಲೂ (ಚಿಪ್ ಒಳಗಿನ ಒಂದು ವಿಭಾಗ) 32768 ರೋ, ಅಂದ್ರೆ 2ರ ಘಾತ 15, ಅದನ್ನ ಕರೆಯೋಕೆ 15 ಅಡ್ರೆಸ್ ಲೈನ್ ಸಾಕು, ಎ0ಯಿಂದ ಎ14ರವರೆಗೆ. 4 ಗಿಗಾಬಿಟ್ ಚಿಪ್‌ಗೆ ಬಂದ್ರೆ 65536 ರೋ, 2ರ ಘಾತ 16, ಇನ್ನೊಂದು ಲೈನ್ ಬೇಕೇ ಬೇಕು, ಎ15. ಜಿ41ಗೆ ಆ ಎ15 ಇಲ್ಲ. ಅದು 2008ರ ಚಿಪ್‌ಸೆಟ್, ಡಿಡಿಆರ್3 ಚಿಪ್ 2 ಗಿಗಾಬಿಟ್‌ವರೆಗೆ ಅಂತಲೇ ಮಾಡಿರೋದು. ಆ ಕಾಲದ ಕೋರ್ 2 ಸಿಸ್ಟಮ್‌ಗಳಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೆ ಇರ್ತಿರ್ಲಿಲ್ಲ, ಈ ಚಿಪ್‌ಸೆಟ್ ಒಳಗೇ ಇರ್ತಿತ್ತು, ಹಾಗಾಗಿ ಪ್ರೊಸೆಸರ್ ಬದಲಾಯಿಸಿದ್ರೂ ಪ್ರಯೋಜನ ಇಲ್ಲ. ಬಯಾಸ್ ಅಪ್‌ಡೇಟ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಅದಕ್ಕೂ ಕೈ ಹಾಕ್ಬೇಡಿ, ಇಲ್ಲದಿರೋ ಲೈನನ್ನ ಸಾಫ್ಟ್‌ವೇರ್ ತಂದುಕೊಡಲ್ಲ, ಅಪ್‌ಡೇಟ್ ಮಧ್ಯೆ ಕರೆಂಟ್ ಹೋದ್ರೆ ಚೆನ್ನಾಗಿರೋ ಬೋರ್ಡೂ ಕೈಬಿಡುತ್ತೆ.

ಸ್ಟಿಕರ್ ಓದೋದು ಹೀಗೆ: ಆರ್ ಅಂದ್ರೆ ರ‍್ಯಾಂಕ್, ಎಕ್ಸ್8 ಅಂದ್ರೆ ಒಂದೊಂದು ಚಿಪ್ಪೂ ಒಂದ್ಸಲಕ್ಕೆ 8 ಬಿಟ್ ಕೊಡುತ್ತೆ ಅಂತ. ಮೆಮೊರಿ ಬಸ್ 64 ಬಿಟ್, ಹಾಗಾಗಿ 8 ಚಿಪ್ ಸೇರಿದ್ರೆ ಒಂದು ರ‍್ಯಾಂಕ್. 1ಆರ್‌ಎಕ್ಸ್8 ಅಂದ್ರೆ 8 ಚಿಪ್, 2ಆರ್‌ಎಕ್ಸ್8 ಅಂದ್ರೆ 16. ಜಿ41ಗೆ 4 ಜಿಬಿ ಸ್ಟಿಕ್ ಹಾಕ್ಬೇಕಂದ್ರೆ 2ಆರ್‌ಎಕ್ಸ್8 ಆಗಿರ್ಲೇಬೇಕು. ಅಂಗಡಿಲಿ ಇವತ್ತು ಸಿಗೋ ಹೊಸ 4 ಜಿಬಿ ಡಿಡಿಆರ್3 ಬಹುತೇಕ 8 ಚಿಪ್ಪಿಂದೇ, ಅದಕ್ಕೇ ಈ ಹಳೇ ಬೋರ್ಡಿನವ್ರೆಲ್ಲ ಇದೇ ಜಾಗದಲ್ಲಿ ಸಿಕ್ಕಿಹಾಕ್ಕೊಳ್ಳೋದು. ಕೊಡೋರಿಗೆ ಇದು ಗೊತ್ತಿರ್ಬೇಕಿತ್ತು, ಬೋರ್ಡ್ ಯಾವ್ದು ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಬದಲಾಯಿಸಿಕೊಡಿ ಅಂತ ಧೈರ್ಯವಾಗಿ ಕೇಳಿ.

ಫಾಸ್ಟ್ ಗೇಮರ್

ಇದು ನನಗೂ ಗೊತ್ತಿರ್ಲಿಲ್ಲ, ಒಳ್ಳೇ ಮಾಹಿತಿ. ಮಧ್ಯೆ ಒಂದು ಡೌಟ್ ಕೇಳ್ತೀನಿ. ನಮ್ಮ ಅಕ್ಕನ ಲ್ಯಾಪ್‌ಟಾಪ್ ಐ5-4200ಯು, ಅದಕ್ಕೂ ಮೊನ್ನೆ ಒಂದು 4 ಜಿಬಿ ಡಿಡಿಆರ್3 ಹಾಕಿದ್ವಿ, ಸ್ಕ್ರೀನ್ ಕಪ್ಪು, ಹಳೇದು ಹಾಕಿದ್ರೆ ಸರಿ. ಅದೂ ಇದೇ ಚಿಪ್ ಪ್ರಾಬ್ಲಮ್ಮಾ?

ಹಳೇ ಪಿಸಿ

ಅದು ಬೇರೆ. 4ನೇ ಜನರೇಷನ್ ಪ್ರೊಸೆಸರ್‌ಗೆ 4 ಗಿಗಾಬಿಟ್ ಚಿಪ್ ಏನೂ ತೊಂದ್ರೆ ಇಲ್ಲ, ಆದ್ರೆ ಆ ಯು ಸರಣಿ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಸ್ಟಿಕರ್‌ನಲ್ಲಿ ಪಿಸಿ3 ಅಂತ ಇದ್ರೆ 1.5 ವೋಲ್ಟ್, ಪಿಸಿ3ಎಲ್ ಅಂತ ಇದ್ರೆ 1.35. ಎಲ್ ಇರೋದು ತಗೊಳ್ಳಿ. ಉಳಿದಿದ್ದು ಬೇರೆ ಥ್ರೆಡ್ ಹಾಕಿ ಕೇಳಿ, ಇಲ್ಲಿ ಮೇಡಂ ವಿಷ್ಯ ಮುಗೀಲಿ.

ಲ್ಯಾಬ್ ಟೀಚರ್

ಹಳೇ ಪಿಸಿ ಸರ್, ನೀವು ಬರೆದಿದ್ದನ್ನ ಹತ್ತನೇ ಕ್ಲಾಸಿನವ್ರಿಗೆ ಬೋರ್ಡ್ ಮೇಲೆ ಬರೆದು ತೋರಿಸ್ದೆ. 32ನ್ನ 16ರಿಂದ ಭಾಗಿಸಿದ್ರೆ ಎಷ್ಟು 8ರಿಂದ ಭಾಗಿಸಿದ್ರೆ ಎಷ್ಟು ಅಂತ, ಆಮೇಲೆ ಎರಡೂ ಸ್ಟಿಕ್ ಕೈಗೆ ಕೊಟ್ಟೆ, ಚಿಪ್ ಎಣಿಸಿ ಅವ್ರೇ ಉತ್ತರ ಹೇಳಿದ್ರು. ಘಾತಾಂಕ ಯಾಕೆ ಕಲೀಬೇಕು ಅಂತ ಕೇಳೋ ಒಬ್ಬ ಹುಡುಗ ಇದಾನೆ, ಅವನೇ ಎಲ್ಲರಿಗಿಂತ ಮುಂದೆ ನಿಂತು ಎ15 ಲೆಕ್ಕ ಹಾಕಿದ, ನನಗೆ ತುಂಬಾ ಖುಷಿಯಾಯ್ತು.

ಅಂಗಡಿಯವ್ರು ದುಡ್ಡು ವಾಪಸ್ ಕೊಡಲ್ಲ, ಬೇರೆ ಐಟಂ ಬೇಕಾದ್ರೆ ಬದಲಾಯಿಸಿಕೊಡ್ತೀವಿ ಅಂದ್ರು, 16 ಚಿಪ್ಪಿಂದು ಅವ್ರ ಹತ್ರ ಇಲ್ಲ. ಆನ್‌ಲೈನಲ್ಲಿ ಹುಡುಕಿದ್ರೆ 4 ಜಿಬಿ ಡಿಡಿಆರ್3, 16 ಚಿಪ್, ಬಹಳ ಕಮ್ಮಿ ರೇಟಿಗೆ ಒಂದು ಸಿಕ್ಕಿದೆ, ಫೋಟೋದಲ್ಲಿ ಎರಡೂ ಕಡೆ ಎಂಟೆಂಟು ಚಿಪ್ ಚೆನ್ನಾಗಿ ಕಾಣುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಫಾರ್ ಎಎಂಡಿ ಅಂತ ಏನೋ ಇದೆ. ತಗೋಬಹುದಾ?

ಹುಬ್ಬಳ್ಳಿ ಸರ್ವಿಸ್

ತಗೋಬ್ಯಾಡ್ರಿ ಮೇಡಂ!! ಆರ್ಡರ್ ಹಾಕಿದ್ರ ಈಗ ಕ್ಯಾನ್ಸಲ್ ಮಾಡ್ರಿ. ನಾ ಚಿಪ್ ಎಣಸ್ರಿ ಅಂದದ್ದು ಅರ್ಧಾ ಮಾತು, ಇನ್ನರ್ಧಾ ಇಲ್ಲೈತಿ. ಎಎಂಡಿ ಓನ್ಲಿ ಅಂತ ಮಾರೂ ಸ್ಟಿಕ್ಕಿನಾಗ 16 ಚಿಪ್ ಇರ್ತಾವ ಖರೆ, ಆದ್ರ ಅವು ಎಕ್ಸ್8 ಅಲ್ಲ, ಎಕ್ಸ್4. ನಾಕ್ ನಾಕ್ ಬಿಟ್ಟಿನ ಚಿಪ್ 16 ಸೇರಿ 64 ಆಗಿ ಒಂದ ರ‍್ಯಾಂಕ್. ನೋಡಾಕ ಎರಡೂ ಒಂದ ನಮೂನಿ ಕಾಣ್ತಾವ, ಫೋಟೋ ನೋಡಿ ಯಾರಿಗೂ ಗೊತ್ತಾಗೂದಿಲ್ಲ. ಎಎಂಡಿಯ ಹಳೇ ಡಿಡಿಆರ್3 ಬೋರ್ಡಿನಾಗ ನಡೀತಾವ, ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಸೆಟ್ ಅವನ್ನ ಹಿಡಿಯೂದ ಇಲ್ಲ, ಮತ್ತ ಅದ ಬೀಪ್ ಕೇಳಬೇಕಾಗ್ತೈತಿ. ರೇಟ್ ಅಷ್ಟ ಕಮ್ಮಿ ಇರೂದು ಅದಕ್ಕ.

ಹಳೇ ಪಿಸಿ

ಹೌದು, ಪೂರ್ತಿ ಸತ್ಯ. ಆ ಎಕ್ಸ್4 ಚಿಪ್ಪಲ್ಲಿ ಕಾಲಮ್ ಅಡ್ರೆಸ್ಸೂ 11 ಬಿಟ್, ಎಕ್ಸ್8ನಲ್ಲಿ 10. ಸ್ಟಿಕರ್‌ನ ಫೋಟೋ ಕಳಿಸದೇ ಇರೋರ ಹತ್ರ ಏನೂ ತಗೋಬೇಡಿ.

ಮೇಡಂ, ನಾನೊಂದು ಸುಲಭದ ದಾರಿ ಹೇಳ್ತೀನಿ. ನಿಮಗೆ ಬೇಕಿರೋದು ಒಟ್ಟು 4 ಜಿಬಿ ತಾನೇ, ಈಗಾಗ್ಲೇ 2 ಇದೆ, ಖಾಲಿ ಸ್ಲಾಟಿಗೆ ಇನ್ನೊಂದು 2 ಜಿಬಿ ಹಾಕಿ. 2 ಜಿಬಿಯಲ್ಲಿ ಎಕ್ಸ್8 ಚಿಪ್ಪಿನ ಎರಡು ನಮೂನೆನೂ ಜಿ41ಗೆ ಹೊಂದುತ್ತೆ: 16 ಚಿಪ್ ಆದ್ರೆ ಒಂದೊಂದು 1 ಗಿಗಾಬಿಟ್, 8 ಚಿಪ್ ಆದ್ರೆ ಒಂದೊಂದು 2 ಗಿಗಾಬಿಟ್, ಎರಡೂ ಮಿತಿಯ ಒಳಗೇ ಇದೆ. ಮೇಲಿಂದ ಎರಡು ಸ್ಲಾಟಲ್ಲೂ ಒಂದೇ ಸೈಜ್ ಇದ್ರೆ ಡ್ಯುಯಲ್ ಚಾನೆಲ್ ಆಗುತ್ತೆ, ಅಂದ್ರೆ ಎರಡೂ ಸ್ಟಿಕ್ ಒಟ್ಟಿಗೆ ಡೇಟಾ ಕೊಡುತ್ವೆ, ನಿಮ್ಮ ಬೋರ್ಡಲ್ಲಿ ಗ್ರಾಫಿಕ್ಸೂ ಇದೇ ರ‍್ಯಾಮ್ ಬಳಸೋದ್ರಿಂದ ಅದು ಉಪಯೋಗಾನೇ. ಆಫೀಸುಗಳಿಂದ ಕಳಚಿದ ಸೆಕೆಂಡ್‌ಹ್ಯಾಂಡ್ 2 ಜಿಬಿ ಸ್ಟಿಕ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ, 2 ಜಿಬಿ ಇವತ್ತು ಯಾರಿಗೂ ಬೇಡವಾಗಿದೆ, ರೇಟೂ ಕಮ್ಮಿ. ಯಾರಾದ್ರೂ ಬೆಂಗಳೂರಿಗೆ ಹೋಗೋರಿದ್ರೆ ಹೇಳಿ, ತಗೊಳ್ಳೋವಾಗ ಅಲ್ಲೇ ಟೆಸ್ಟ್ ಮಾಡಿಸ್ಕೊಳ್ಳಲಿ.

ಹೊಸ ಸ್ಟಿಕ್‌ಗಳು ವೇಸ್ಟ್ ಅಲ್ಲ. ಇಂಟೆಲ್ 2ನೇ, 3ನೇ ಜನರೇಷನ್ ಸಿಸ್ಟಮ್‌ಗಳಿಗೆ ಅವು ಸರಿಯಾಗಿ ಹೊಂದುತ್ವೆ. ನಿಮ್ಮ ಸ್ಕೂಲಲ್ಲಿ ಸ್ವಲ್ಪ ಹೊಸ ಸಿಸ್ಟಮ್ ಏನಾದ್ರೂ ಇದ್ಯಾ?

ಲ್ಯಾಬ್ ಟೀಚರ್

ಎಚ್‌ಎಂ ರೂಮಲ್ಲಿ ಒಂದಿದೆ. ಮಲೆನಾಡ್ ಟೆಕ್ ಅವ್ರೇ, ಮಾಡೆಲ್ ಯಾವ್ದು ಅಂತ ಕ್ಯಾಬಿನೆಟ್ ಬಿಚ್ಚದೇ ನೋಡೋಕೆ ಆಗುತ್ತಾ? ಎಚ್‌ಎಂ ಸರ್ ಒಪ್ಪಲ್ಲ.

ಮಲೆನಾಡ್ ಟೆಕ್

ಆಗುತ್ತೆ. ಸಿಪಿಯು-ಝಡ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ. ಅದ್ರಲ್ಲಿ ಮೇನ್‌ಬೋರ್ಡ್ ಟ್ಯಾಬಲ್ಲಿ ಚಿಪ್‌ಸೆಟ್ ಬರುತ್ತೆ, ಎಸ್‌ಪಿಡಿ ಟ್ಯಾಬಲ್ಲಿ ಪ್ರತಿ ಸ್ಲಾಟಿನ ರ‍್ಯಾಮ್ ಸೈಜು, ಸ್ಪೀಡು ಎಲ್ಲ ಬರುತ್ತೆ.

ಲ್ಯಾಬ್ ಟೀಚರ್

ಅಪ್‌ಡೇಟ್ ಹಾಕ್ತಿದೀನಿ. ಎಚ್‌ಎಂ ರೂಮಿಂದು ಐ3-3220, ಎಚ್61 ಬೋರ್ಡು. ಸಿಪಿಯು-ಝಡ್ ತೋರಿಸಿದ ಮೇಲೆ ಅವ್ರೇ ಕ್ಯಾಬಿನೆಟ್ ಬಿಚ್ಚೋಕೆ ಒಪ್ಪಿದ್ರು, ಅದಕ್ಕೆ ಒಂದು 4 ಜಿಬಿ ಹಾಕಿದ್ವಿ, ಮೊದಲನೇ ಸಲಕ್ಕೇ ಬೂಟ್ ಆಯ್ತು. ಉಳಿದ ಸ್ಟಿಕ್‌ಗಳನ್ನ ಅಂಗಡಿಗೆ ಕೊಟ್ಟು ಕೀಬೋರ್ಡ್, ಮೌಸ್ ತಗೊಂಡ್ವಿ, ಅವೂ ಬೇಕಾಗಿದ್ವು. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಹಳೇ ವಿದ್ಯಾರ್ಥಿನಿ ಎಸ್‌ಪಿ ರೋಡಿಂದ 2 ಜಿಬಿ ಸ್ಟಿಕ್ ತಂದುಕೊಟ್ಲು, ಪ್ರತಿಯೊಂದರ ಸ್ಟಿಕರ್ ಫೋಟೋ ವಾಟ್ಸಾಪಲ್ಲಿ ಕಳಿಸಿ ಕೇಳಿ ಆಮೇಲೇ ದುಡ್ಡು ಕೊಟ್ಟಿದ್ದು. ಹಾಕಿದ್ವಿ, ಒಂದೇ ಒಂದು ಸಣ್ಣ ಬೀಪ್, ಆಮೇಲೆ ಸ್ಕ್ರೀನ್ ಬಂತು!!! ಮಕ್ಕಳು ಚಪ್ಪಾಳೆ ತಟ್ಟಿದ್ರು. ಎಲ್ಲಾ ಸಿಸ್ಟಮ್ಮೂ ನಡೀತಿದೆ, ಜಿಯೋಜಿಬ್ರಾ ಓಪನ್ ಆಗುತ್ತೆ, ಬಿಂದು ಎಳೆದ್ರೆ ಸ್ಪರ್ಶಕ ಜೊತೆಗೇ ಜರುಗುತ್ತೆ.

ಒಂದು ಕೊನೇ ಪ್ರಶ್ನೆ. ಬಯಾಸಲ್ಲಿ 4 ಜಿಬಿ ತೋರಿಸುತ್ತೆ, ವಿಂಡೋಸಲ್ಲಿ ಮಾತ್ರ ಯೂಸಬಲ್ 3 ಜಿಬಿ ಹತ್ರ ಅಂತಿದೆ. ಇದು ರ‍್ಯಾಮ್ ತೊಂದ್ರೆನಾ?

ಹಳೇ ಪಿಸಿ

ಬಹಳ ಸಂತೋಷ ಮೇಡಂ. ರ‍್ಯಾಮ್ ತೊಂದ್ರೆ ಅಲ್ಲ, ನಿಮ್ಮ ವಿಂಡೋಸ್ 32 ಬಿಟ್ ಇರ್ಬೇಕು. ಅದಕ್ಕೆ ಸಿಗೋ ಅಡ್ರೆಸ್ಸೇ ಒಟ್ಟು 4 ಜಿಬಿ, ಅದ್ರಲ್ಲಿ ಗ್ರಾಫಿಕ್ಸು, ಬೇರೆ ಡಿವೈಸ್‌ಗಳು ಒಂದಷ್ಟು ಜಾಗ ಹಿಡ್ಕೋತವೆ. ಇ7500 64 ಬಿಟ್ ಪ್ರೊಸೆಸರ್ರೇ. ವಿಂಡೋಸ್ 7ಗೆ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿಲೇ ನಿಂತುಹೋಗಿದೆ, ಮಕ್ಕಳು ಇಂಟರ್ನೆಟ್ ಬಳಸೋ ಲ್ಯಾಬು, ಹಾಗಾಗಿ ಒಂದು ಸಿಸ್ಟಮಲ್ಲಿ ವಿಂಡೋಸ್ ಬದ್ಲು 64 ಬಿಟ್ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ನೋಡಿ. ಜಿಯೋಜಿಬ್ರಾ ಬ್ರೌಸರಲ್ಲೇ ನಡೆಯುತ್ತೆ, ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಕಗಪ ಲೇಔಟ್ ಮೊದಲೇ ಇದೆ, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ರೂಢಿ ಇರೋರಿಗೆ ಕಷ್ಟ ಆಗಲ್ಲ.

ಹುಬ್ಬಳ್ಳಿ ಸರ್ವಿಸ್

ಚಲೋ ಆತ್ರಿ ಮೇಡಂ. ಸೆಕೆಂಡ್‌ಹ್ಯಾಂಡ್ ಸ್ಟಿಕ್ ಹಾಕೀರಿ, ಅದಕ್ಕ ಲಿನಕ್ಸ್ ಹಾಕೂಕಿಂತ ಮೊದ್ಲ ಪೆನ್‌ಡ್ರೈವಿನಾಗ ಮೆಮ್‌ಟೆಸ್ಟ್86+ (ರ‍್ಯಾಮ್ ತಪಾಸಣಿ ಮಾಡೂ ಸಾಫ್ಟ್‌ವೇರ್) ಮಾಡಿ ಒಂದೊಂದ ಸಿಸ್ಟಮ್ಮಿನಾಗ ರಾತ್ರಿಪೂರ್ತಿ ಓಡಾಕ ಬಿಡ್ರಿ. ಕೆಂಪು ಸಾಲು ಒಂದ ಬಂದ್ರೂ ಆ ಸ್ಟಿಕ್ ವಾಪಸ್ ಕೊಡ್ರಿ. ಯುಪಿಎಸ್ ಇಲ್ಲಾಂದ್ರೂ ನಡೀತೈತಿ, ನಡುವ ಕರೆಂಟ್ ಹೋದ್ರ ಮತ್ತ ಚಾಲೂ ಮಾಡೂದು, ಟೆಸ್ಟಿನಿಂದ ಏನೂ ಹಾಳಾಗೂದಿಲ್ಲ.